‘ಒಲ್ಲೆ’ ಎನ್ನಲು ಬಾರದ ವಿಮರ್ಶಾ ಸಮಿತಿಯ ಬಗ್ಗೆ

ಮಾನ್ಯ ಪುನರ್ವಸತಿ ಸೇವೆಗಳ ನಿರ್ದೇಶಕರೇ,

ಸಿಕಂದರಾಬಾದಿನ ಆಸ್ಪತ್ರೆಯ ಹಿಂಭಾಗದಲ್ಲಿರುವ ಮಾತಿನ ಚಿಕಿತ್ಸೆಯ ಕೋಣೆಯನ್ನು ಬರುವ ತಿಂಗಳು ಮುಚ್ಚಬೇಕೆಂದು ತಾವು ಆದೇಶ ಹೊರಡಿಸಿದ್ದೀರಿ. ಲಕ್ವ ಹೊಡೆದು ಮಾತು ಕಳೆದುಕೊಂಡವರು ಇನ್ನು ಅಲ್ಲಿಯವರೆಗೆ ಬರುವ ತೊಂದರೆ ತೆಗೆದುಕೊಳ್ಳಬೇಕಿಲ್ಲ, ಮನೆಯಲ್ಲೇ ಕೂತು ಫೋನಿನ ಆ್ಯಪ್ ಒತ್ತುತ್ತ ಮಾತು ಕಲಿಯಬಹುದು ಎಂದು ಅದರಲ್ಲಿ ಬರೆದಿದ್ದೀರಿ. ‘ವ್ಯವಸ್ಥಿತ ವಿಮರ್ಶೆಯಿಂದ ದೊರೆತ ನಿಷ್ಪಕ್ಷಪಾತ ವೈಜ್ಞಾನಿಕ ಸಾಕ್ಷ್ಯದ ಆಧಾರದ ಮೇಲೆ’ ಎಂಬ ಸಾಲೂ ಇದೆ. ಆ ವಿಮರ್ಶೆ ತಯಾರಾದ ಮೇಜಿನ ಸುತ್ತ ನಾನೂ ಕೂತಿದ್ದೆ. ಹಾಗಾಗಿ ‘ನಿಷ್ಪಕ್ಷಪಾತ’ ಎಂಬ ಪದ ಓದಿದಾಗ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ನಗು ಅವತ್ತೇ ಮುಗಿಯಿತು. ಸಿಟ್ಟು ಇನ್ನೂ ಇದೆ.

ತೆಲಂಗಾಣದ ಅಧಿಕಾರಿಗೆ ಈಕೆ ಕನ್ನಡದಲ್ಲಿ ಯಾಕೆ ಬರೆಯುತ್ತಿದ್ದಾಳೆ ಎಂದು ಓದುಗರು ಕೇಳಬಹುದು. ನಿರ್ದೇಶಕರಿಗೆ ಇಂಗ್ಲಿಷಿನಲ್ಲಿ ಬರೆದಾಯಿತು, ತೆಲುಗಿನಲ್ಲಿ ಬರೆದಾಯಿತು. ಎರಡಕ್ಕೂ ಸ್ವೀಕೃತಿ ಸಂಖ್ಯೆ ಬಂತು, ಉತ್ತರ ಬರಲಿಲ್ಲ. ಓದದೇ ಬದಿಗಿಡುವ ಪತ್ರ ಯಾವ ಭಾಷೆಯಲ್ಲಿದ್ದರೇನು? ಅದಕ್ಕೇ ನನಗೆ ಬೈಯಲು ಅನುಕೂಲವಾದ ಭಾಷೆಯಲ್ಲಿ ಬರೆದು, ನಮ್ಮ ಹೈದರಾಬಾದಿನ ಕನ್ನಡಿಗರ ಪತ್ರಿಕೆಯಲ್ಲಿ ಎಲ್ಲರ ಎದುರಿಗೆ ಇಡುತ್ತಿದ್ದೇನೆ. ತಮ್ಮ ಕಚೇರಿಯಲ್ಲಿ ಕನ್ನಡ ಬಲ್ಲವರು ಇದ್ದಾರೆ, ಅವರಿಂದ ಓದಿಸಿ ಕೇಳಿರಿ.

ನಾನು ಶಿವದೇವಿ. ನಮ್ಮ ಮೂಲ ಬೀದರ್ ಕಡೆಯದು, ಮನೆ ಉಪ್ಪಲ್‌ನಲ್ಲಿ. ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ತಮ್ಮ ವಿಮರ್ಶಾ ಸಮಿತಿಯಲ್ಲಿ ರೋಗಿಗಳ ಕುಟುಂಬದವರಿಗೆ ಒಂದು ಕುರ್ಚಿ ಇರಬೇಕೆಂಬ ನಿಯಮವಿದೆಯಂತೆ, ಆ ಕುರ್ಚಿಗೆ ನನ್ನನ್ನು ತಂದು ಕೂರಿಸಿದಿರಿ. ಪ್ರತಿ ಸಭೆಯಲ್ಲೂ ಇರಾನಿ ಚಹಾ, ಉಸ್ಮಾನಿಯಾ ಬಿಸ್ಕತ್ತು. ಉಪಚಾರಕ್ಕೆ ಕೊರತೆ ಮಾಡಲಿಲ್ಲ, ಅದನ್ನು ಒಪ್ಪಿಕೊಳ್ಳುತ್ತೇನೆ. ಆದರೆ ಈ ಹೆಂಗಸು ಬಾಯಿ ತೆರೆಯುವುದು ಬಿಸ್ಕತ್ತಿಗೆ ಮಾತ್ರ ಎಂದು ತಾವು ಹೇಗೆ ತೀರ್ಮಾನಿಸಿದಿರೋ ತಿಳಿಯದು.

ವ್ಯವಸ್ಥಿತ ವಿಮರ್ಶೆ ಎಂದರೆ ದೊಡ್ಡ ಮಾತೇನಲ್ಲ. ಒಂದು ಪ್ರಶ್ನೆ ಎತ್ತಿಕೊಂಡು, ಅದರ ಬಗ್ಗೆ ಯಾರು ಯಾರು ಎಲ್ಲೆಲ್ಲಿ ಅಧ್ಯಯನ ಮಾಡಿದ್ದಾರೋ ಎಲ್ಲವನ್ನೂ ಹುಡುಕಿ ತಂದು, ಗಟ್ಟಿ ಯಾವುದು ಜೊಳ್ಳು ಯಾವುದು ಎಂದು ತೂಗಿ, ಒಟ್ಟಾರೆ ಏನು ಹೇಳುತ್ತವೆ ಎಂದು ತಿಳಿಸುವುದು. ಒಬ್ಬರ ಇಷ್ಟಾನಿಷ್ಟ ತೀರ್ಪಿನಲ್ಲಿ ನುಸುಳಬಾರದು ಎಂದೇ ಈ ಪದ್ಧತಿ ಹುಟ್ಟಿದ್ದು. ಹುಡುಕುವ ಮೊದಲೇ ನಿಯಮ ಬರೆದಿಡಬೇಕು, ಇಬ್ಬರು ಬೇರೆ ಬೇರೆ ಕೂತು ಆರಿಸಬೇಕು, ಯಾರಿಗೆ ಯಾವುದರಲ್ಲಿ ಹಿತಾಸಕ್ತಿ ಇದೆಯೋ ಅವರು ಅದನ್ನು ತೂಗುವಾಗ ಎದ್ದು ಹೊರಗೆ ಹೋಗಬೇಕು. ಇದೆಲ್ಲ ನಾನು ಹೇಳಿದ್ದಲ್ಲ, ಮೊದಲ ಸಭೆಯಲ್ಲಿ ತಮ್ಮ ಕಚೇರಿಯೇ ಹಂಚಿದ ಚಂದದ ಪುಸ್ತಿಕೆಯಲ್ಲಿತ್ತು. ಆ ಪುಸ್ತಿಕೆಯನ್ನು ಸಮಿತಿಯಲ್ಲಿ ಪೂರ್ತಿ ಓದಿದವಳು ನಾನೊಬ್ಬಳೇ ಇರಬೇಕು ಎಂದು ನನಗೆ ಬಲವಾದ ಅನುಮಾನವಿದೆ.

ಆ ಕೋಣೆಯ ಬಗ್ಗೆ ನನಗೆ ಯಾಕಿಷ್ಟು ಸಂಕಟ ಎಂದು ಹೇಳಬೇಕಾದರೆ ನಮ್ಮ ಯಜಮಾನರ ವಿಷಯ ಹೇಳಬೇಕು. ಅವರ ಹೆಸರು ಅಮರೇಶಪ್ಪ. ಪಟಾನ್‌ಚೆರುವಿನ ಔಷಧಿ ಕಾರ್ಖಾನೆಯೊಂದರಲ್ಲಿ ಗುಣಮಟ್ಟದ ವಿಭಾಗದ ಅಧಿಕಾರಿಯಾಗಿದ್ದರು. ತಯಾರಾದ ಮಾಲು ಸರಿಯಿಲ್ಲದಿದ್ದರೆ ತಿರಸ್ಕರಿಸುವುದೇ ಅವರ ಉದ್ಯೋಗ. ‘ಇಲ್ಲ’ ಎಂದು ಹೇಳಿ ಸಂಬಳ ತಂದ ಮನುಷ್ಯ. ಮನೆಯಲ್ಲೂ ಅದೇ ಚಾಳಿ. ಮಗಳು ಪಿಂಕಿ ಚಿಕ್ಕವಳಿದ್ದಾಗ ಏನು ಬೇಕೆಂದರೂ ನನ್ನ ಹತ್ತಿರ ಬರುತ್ತಿದ್ದಳು, ಅಪ್ಪನ ಹತ್ತಿರ ಹೋದರೆ ಒಲ್ಲೆ ಅನ್ನುತ್ತಾರೆ ಎಂದು ಅವಳಿಗೆ ಗೊತ್ತಿತ್ತು.

ಲಕ್ವ ಹೊಡೆದ ಮೇಲೆ ಕೈಕಾಲು ತಕ್ಕಮಟ್ಟಿಗೆ ಸುಧಾರಿಸಿದವು. ಮಾತು ಮಾತ್ರ ಹೋಯಿತು. ಹೊರಗೆ ತೆಲುಗು, ಹಿಂದಿ, ಕಾರ್ಖಾನೆಯಲ್ಲಿ ಇಂಗ್ಲಿಷ್ ಆಡುತ್ತಿದ್ದವರ ಬಾಯಲ್ಲಿ ಉಳಿದದ್ದು ಒಂದೇ ಒಂದು ‘ಹೂಂ’. ಸಾರಿಗೆ ಉಪ್ಪು ಹೆಚ್ಚಾಗೇತೇನ್ರಿ ಎಂದರೆ ಹೂಂ. ಕಡಿಮಿ ಆಗೇತೇನ್ರಿ ಎಂದರೂ ಹೂಂ. ಬಾಗಿಲಿಗೆ ಬಂದವನಿಗೆಲ್ಲ ಹೂಂ. ಕೇಬಲ್‌ನವನು ಬಂದು ಕ್ರಿಕೆಟ್ಟಿನ ಚಾನೆಲ್ಲುಗಳನ್ನೆಲ್ಲ ಹಾಕಿ ಹೋದ, ಅಪಾರ್ಟ್‌ಮೆಂಟಿನವರು ಗಣೇಶೋತ್ಸವದ ಅಧ್ಯಕ್ಷರನ್ನಾಗಿ ಮಾಡಿ ಹೋದರು. ಜನ ನಗುತ್ತಿದ್ದರು, ನಾನೂ ನಕ್ಕಿದ್ದೇನೆ. ಆದರೆ ಹೊಟ್ಟೆನೋವೇನ್ರಿ ಎಂದರೂ ಹೂಂ, ಆರಾಮ ಅದೀರೇನ್ರಿ ಎಂದರೂ ಹೂಂ ಎನ್ನುವ ಮನುಷ್ಯನ ಜೊತೆ ಒಂದು ದಿನ ಇದ್ದು ನೋಡಿ. ಅಡುಗೆಮನೆಯಲ್ಲಿ ನಿಂತರೆ ಅಳು ಬರುತ್ತಿತ್ತು. ಅವರು ಮನೆಯಲ್ಲೇ ಇದ್ದರೂ ಅವರ ಬೇಕು ಬೇಡ ನನಗೆ ಗೊತ್ತಾಗುತ್ತಿರಲಿಲ್ಲ.

ಆಗ ಸಿಕ್ಕಿದ್ದು ಸಿಕಂದರಾಬಾದಿನ ಆ ಕೋಣೆ. ಒಂದು ಮೇಜು, ಕೆಲವು ಕುರ್ಚಿ, ದೀಪ್ತಿ ಎಂಬ ಥೆರಪಿಸ್ಟ್, ಸುತ್ತ ಮಾತು ಕಳೆದುಕೊಂಡ ನಾಲ್ಕೈದು ಜನ. ದೀಪ್ತಿಯ ಮನೆಮಾತು ತೆಲುಗು. ನಮ್ಮವರಿಗಾಗಿ ನನ್ನಿಂದ ಕನ್ನಡದ ಮಾತು ಕೇಳಿ ಕೇಳಿ ಕಲಿತರು. ತಲೆ ಬಾಚಿಕೊಳ್ಳಲು ಬಾಚಣಿಗೆಯ ಬದಲು ಹಲ್ಲುಜ್ಜುವ ಬ್ರಷ್ ಕೊಡುವುದು, ಬೇಕೇನ್ರಿ ಎಂದು ಕೇಳುವುದು, ಹೂಂ ಎಂದರೆ, ಬೇಡವೆನ್ನಲಿ ಎಂದು ಹಾಗೇ ಕಾಯುವುದು. ಎಷ್ಟೋ ವಾರ ಹೀಗೇ ನಡೆಯಿತು. ಒಂದು ದಿನ ಎದುರಿಗಿದ್ದ ನಿವೃತ್ತ ಹೆಡ್ ಕಾನ್‌ಸ್ಟೇಬಲ್ ಒಬ್ಬರು ತಮ್ಮ ಕೈಗೆ ಕೊಟ್ಟ ಬ್ರಷ್ಷಿನಿಂದ ಮೀಸೆ ತೀಡಿಕೊಂಡು ನಕ್ಕುಬಿಟ್ಟರು. ನಮ್ಮವರಿಗೆ ಸಿಟ್ಟು ಬಂತು. ದೀಪ್ತಿ ಚಾಚಿದ ಬ್ರಷ್ಷನ್ನು ಪಕ್ಕಕ್ಕೆ ತಳ್ಳಿ, ತುಟಿ ಸೊಟ್ಟ ಮಾಡಿಕೊಂಡು, ‘ಒಲ್ಲೆ’ ಎಂದರು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಅವತ್ತಿನಿಂದ ಅವರು ಮತ್ತೆ ನಮ್ಮ ಮನೆಯ ಅಮರೇಶಪ್ಪನವರಾದರು. ಗಣೇಶೋತ್ಸವದವರಿಗೂ ಒಲ್ಲೆ, ನನ್ನ ಹಾಗಲಕಾಯಿ ಪಲ್ಯಕ್ಕೂ ಒಲ್ಲೆ.

ಈಗ ತಮ್ಮ ವಿಮರ್ಶೆಗೆ ಬರುತ್ತೇನೆ. ಚಿಕಿತ್ಸೆಯಿಂದ ಗುಣ ಕಂಡಿದೆ ಎಂದು ಹೇಗೆ ಅಳೆಯಬೇಕು? ಮೊದಲ ಸಭೆಯಲ್ಲಿ ಎಲ್ಲರೂ ಒಪ್ಪಿದ್ದು ಒಂದೇ ಅಳತೆಗೋಲು: ರೋಗಿ ಮನೆಯಲ್ಲಿ ತನಗೆ ಬೇಕಾದ್ದು ಕೇಳಬಲ್ಲನೇ, ಬೇಡವಾದ್ದು ನಿರಾಕರಿಸಬಲ್ಲನೇ, ನಾಲ್ಕು ಮಾತು ಆಡಬಲ್ಲನೇ. ಕೇಳಿ ಖುಷಿಯಾಗಿತ್ತು. ನಂತರ ಸಮಿತಿಯ ಮುಖ್ಯಸ್ಥರಾದ ಪ್ರೊಫೆಸರ್ ಸಾಹೇಬರು ಅಧ್ಯಯನಗಳನ್ನು ತೆರೆದು ನೋಡಿದರು. ಆ ಅಳತೆಗೋಲು ಹಿಡಿದರೆ ಆ್ಯಪ್ ಹೆಚ್ಚೇನೂ ಸಾಧಿಸಿರಲಿಲ್ಲ. ಮುಂದಿನ ಸಭೆಗೆ ಬರುವಷ್ಟರಲ್ಲಿ ಅಳತೆಗೋಲೇ ಬದಲಾಗಿತ್ತು. ಈಗ ಮುಖ್ಯವಾದದ್ದು ‘ಪರದೆಯ ಮೇಲಿನ ಚಿತ್ರವನ್ನು ಸರಿಯಾಗಿ ಗುರುತಿಸುವುದು’. ಆ್ಯಪ್ ಕಲಿಸುವುದೂ ಅದನ್ನೇ! ಫಲಿತಾಂಶ ನೋಡಿಕೊಂಡು ಪ್ರಶ್ನೆಪತ್ರಿಕೆ ಬರೆಯುವುದು ಎಂದರೆ ಇದೇ ಅಲ್ಲವೇ? ಯಾಕೆ ಬದಲಾಯಿತು ಎಂದು ಕೇಳಿದೆ. “ಅದಂತಾ ಮೆಥಡಾಲಜಿ ಅಮ್ಮಾ, ಮೀಕೆಂದುಕು?” ಎಂದರು ಪ್ರೊಫೆಸರ್. ಅದೆಲ್ಲ ನಿಮಗ್ಯಾಕೆ ಎಂದು. ಯಾರೋ ಬಿಸ್ಕತ್ತಿನ ತಟ್ಟೆಯನ್ನು ನನ್ನ ಕಡೆ ಸರಿಸಿದರು.

ಆ ಆ್ಯಪನ್ನು ನಮ್ಮ ಮನೆಯಲ್ಲೂ ಹಾಕಿ ನೋಡಿದೆವು. ಸ್ಟ್ರಾಬೆರಿ ಯಾವುದು ಎಂದು ಫೋನು ಕೇಳುತ್ತದೆ, ನಮ್ಮವರು ಸ್ಟ್ರಾಬೆರಿಯ ಮೇಲೆ ಬೆರಳಿಡುತ್ತಾರೆ. ಪಿಯಾನೋ ಕೇಳಿದರೆ ಪಿಯಾನೋ ಒತ್ತುತ್ತಾರೆ. ಪರದೆಯ ತುಂಬ ನಕ್ಷತ್ರಗಳು ಉದುರುತ್ತವೆ, ಚಪ್ಪಾಳೆಯ ಸದ್ದು ಬರುತ್ತದೆ. ತಮ್ಮ ಹೊಸ ಅಳತೆಯ ಪ್ರಕಾರ ಅವರು ಬಹುಮಟ್ಟಿಗೆ ಗುಣವಾದ ಹಾಗೆ. ನಮ್ಮ ಮನೆಯಲ್ಲಿ ಪಿಯಾನೋ ಇಲ್ಲ, ಸ್ಟ್ರಾಬೆರಿ ತಿಂದವರೂ ಇಲ್ಲ. ಅವರಿಗೆ ಬೇಕಾದದ್ದು ‘ನೀರು ಕೊಡು’, ‘ಸಾಕು’, ‘ಒಲ್ಲೆ’ ಎಂಬ ಮಾತುಗಳು. ಒಲ್ಲೆಗೆ ಚಿತ್ರ ಬರೆಯುವುದು ಹೇಗೆ ಎಂದು ಆ್ಯಪ್ ಮಾಡಿದವರಿಗೂ ಗೊತ್ತಿಲ್ಲ, ವಿಮರ್ಶೆ ಮಾಡಿದವರಿಗೂ ಗೊತ್ತಿಲ್ಲ.

ಇನ್ನು ತೂಕದ ವಿಷಯ. ಆ್ಯಪ್ ಒಳ್ಳೆಯದು ಎಂದು ಹೇಳಿದ ಅಧ್ಯಯನಗಳಲ್ಲಿ ದೊಡ್ಡವನ್ನು ಮಾಡಿದವರು ಯಾರು? ಪ್ರೊಫೆಸರ್ ಸಾಹೇಬರೇ. ಅವು ನಂಬಲರ್ಹವೇ ಎಂದು ಅಂಕ ಹಾಕಿದವರು ಯಾರು? ಅವರೇ. ಎಷ್ಟು ಅಂಕ ಬಿದ್ದವು ಎಂದು ಬೇರೆ ಹೇಳಬೇಕೇ? ಆ ಆ್ಯಪಿನ ಕಂಪನಿಗೆ ಸಲಹೆಗಾರರು ಯಾರು ಎಂದು ನಾನು ಸಭೆಯಲ್ಲಿ ಕೇಳಿದಾಗ, ‘ಗೌರವ ಸಲಹೆಗಾರ, ಅಷ್ಟೇ’ ಎಂದು ಅವರೇ ಉತ್ತರ ಕೊಟ್ಟರು. ವರದಿಯಲ್ಲಿ ಹಿತಾಸಕ್ತಿ ಘೋಷಿಸುವ ಜಾಗದಲ್ಲಿ ‘ಯಾವುದೂ ಇಲ್ಲ’ ಎಂದಿದೆ. ಗೌರವಕ್ಕೆ ಹಿತಾಸಕ್ತಿ ಇರುವುದಿಲ್ಲ ಎಂದು ತಮ್ಮ ಕಚೇರಿಯ ನಂಬಿಕೆ ಇರಬಹುದು.

ನಾನು ವರ್ಷಗಟ್ಟಲೆ ಹತ್ತನೇ ತರಗತಿಯ ಎಸ್ಸೆಸ್ಸಿ ಉತ್ತರಪತ್ರಿಕೆಗಳ ಸ್ಪಾಟ್ ವ್ಯಾಲ್ಯುಯೇಶನ್‌ಗೆ ಹೋದವಳು. ಅಲ್ಲಿ ಮಗುವಿನ ಹಾಲ್‌ಟಿಕೆಟ್ ನಂಬರು ಮುಚ್ಚಿರುತ್ತದೆ. ನಮ್ಮ ಶಾಲೆಯ ಪತ್ರಿಕೆ ನಮ್ಮ ಕೈಗೆ ಬರುವುದಿಲ್ಲ. ನಮ್ಮನ್ನೆಲ್ಲ ಕಳ್ಳರೆಂದು ತಿಳಿದು ಹಾಗೆ ಮಾಡುತ್ತಾರೆಯೇ? ಇಲ್ಲ. ತನ್ನ ಮಕ್ಕಳ ಅಕ್ಷರ ಕಂಡರೆ ಎಂಥ ಟೀಚರಿಗೂ ಕೈ ಸಡಿಲವಾಗುತ್ತದೆ ಎಂದು ಗೊತ್ತಿರುವುದರಿಂದ ಮಾಡುತ್ತಾರೆ. ಪ್ರೊಫೆಸರ್ ಸಾಹೇಬರೂ ಕಳ್ಳರಲ್ಲ. ತಾವು ಬೆಳೆಸಿದ ಕೂಸು ಚೆಂದ ಎಂದು ಅವರಿಗೆ ಮನಸಾರೆ ಅನ್ನಿಸುತ್ತದೆ. ಹಾಗೆ ಅನ್ನಿಸುವವರ ಕೈಯಲ್ಲೇ ತಕ್ಕಡಿ ಕೊಟ್ಟವರು ತಾವು. ಹತ್ತನೇ ತರಗತಿಯ ಮಗುವಿನ ಗಣಿತದ ಅಂಕಕ್ಕೆ ಇರುವ ಕಾವಲು ನನ್ನ ಗಂಡನ ನಾಲಿಗೆಗೆ ಇಲ್ಲ ಎಂದರೆ ನಾನು ಯಾರ ಹತ್ತಿರ ದೂರಲಿ?

ಇಬ್ಬರು ಪ್ರತ್ಯೇಕವಾಗಿ ಓದಿ ಆರಿಸಬೇಕು ಎಂಬ ನಿಯಮದ ಕಥೆ ಇದಕ್ಕಿಂತ ಸೊಗಸಾಗಿದೆ. ಮೊದಲ ಓದುಗರು ಪ್ರೊಫೆಸರ್. ಎರಡನೆಯವನು ಅವರದೇ ಪಿಎಚ್‌ಡಿ ವಿದ್ಯಾರ್ಥಿ ಗುರುಶಾಂತ, ನಮ್ಮ ಬೀದರ್ ಕಡೆಯವನು. ನೂರಾರು ಅಧ್ಯಯನಗಳಲ್ಲಿ ಯಾವುದನ್ನು ಸೇರಿಸಬೇಕು ಯಾವುದನ್ನು ಬಿಡಬೇಕು ಎಂದು ಇಬ್ಬರೂ ಬೇರೆ ಬೇರೆ ನಿರ್ಧರಿಸಿದರಂತೆ, ಒಂದರಲ್ಲೂ ಭಿನ್ನಾಭಿಪ್ರಾಯ ಬರಲಿಲ್ಲವಂತೆ. ‘ಪರಿಪೂರ್ಣ ಒಮ್ಮತ’ ಎಂದು ಪ್ರೊಫೆಸರ್ ಹೇಳಿದಾಗ ಸಭೆ ಮೇಜು ತಟ್ಟಿತು. ನಮ್ಮ ಮನೆಯಲ್ಲಿ ಇಬ್ಬರು ಹೆಂಗಸರು ಒಂದು ಸೀರೆಯ ಬಣ್ಣಕ್ಕೆ ಒಪ್ಪುವುದಿಲ್ಲ. ನೂರಾರು ಅಧ್ಯಯನಗಳಿಗೆ ಇಬ್ಬರು ಒಪ್ಪಿದರೆ ಚಪ್ಪಾಳೆ ತಟ್ಟಬೇಕೋ, ಏನೋ ಕೆಟ್ಟಿದೆ ಎಂದು ಬೆಚ್ಚಬೇಕೋ?

ಗುರುಶಾಂತ ಒಂದು ಭಾನುವಾರ ನಮ್ಮ ಮನೆಗೆ ಊಟಕ್ಕೆ ಬಂದ. ಊರ ಕಡೆಯ ಹುಡುಗ, ಹಾಸ್ಟೆಲ್ಲಿನಲ್ಲಿ ಜೋಳದ ರೊಟ್ಟಿ ಸಿಗುವುದಿಲ್ಲ ಎಂದು ನಾನೇ ಕರೆದಿದ್ದೆ. ಊಟವಾದ ಮೇಲೆ ನಮ್ಮವರ ಪಕ್ಕ ಕೂತು ಫೋನಿನಲ್ಲಿ ಸ್ಟ್ರಾಬೆರಿ, ಪಿಯಾನೋ ಎಲ್ಲ ತೋರಿಸಿದ. ಎಲ್ಲಕ್ಕೂ ನಕ್ಷತ್ರ ಉದುರಿದವು. ಮತ್ತೊಂದು ಸುತ್ತು ಆಡೋಣೇನ್ರಿ ಎಂದು ಕೇಳಿದ. ನಮ್ಮವರು ಫೋನನ್ನು ಅವನ ಕೈಗೇ ವಾಪಸ್ ಕೊಟ್ಟು ‘ಒಲ್ಲೆ’ ಎಂದರು. ಅವನು ಫೋನನ್ನು ಜೇಬಿಗೆ ಹಾಕಿಕೊಂಡ. ಆಮೇಲೆ ನನ್ನ ಕಡೆ ತಿರುಗಿ, ಕೇಳದೇ ಇದ್ದರೂ ತಾನೇ ಹೇಳಿದ:

“ಅಮ್ಮಾರ, ಎಕ್ಸೆಲ್ ಶೀಟಿನ್ಯಾಗ ಸರ್ ಕಾಲಂ ಮೊದಲ ತುಂಬಿರ್ತಿತ್ರಿ. ಅವರು ಹೌದು ಅಂತ ಬರದದ್ದು ಕಣ್ಣಿಗೆ ಕಾಣಾಕತ್ತಿದ್ರ, ನಾ ಅದರ ಬಾಜೂಕ ಅಲ್ಲ ಅಂತ ಹೆಂಗ ಬರೀಲಿ? ನನ್ನ ಥೀಸಿಸ್ ಅವರ ಕೈಯಾಗ ಐತ್ರಿ. ಅಪ್ಪಾರು ಈಗ ಅಂದ್ರಲ್ಲ, ಆ ಮಾತು ನಾ ಒಂದು ಸಲಾನೂ ಅಂದಿಲ್ರಿ.”

ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಗುರುಗಳ ಮಾತಿಗೆ ಎದುರಾಡಬಾರದು ಎಂದು ಆ ಮಕ್ಕಳಿಗೆ ಕಲಿಸಿದವರು ನನ್ನಂಥ ಟೀಚರುಗಳೇ ತಾನೇ. ಸರ್ ಮುಂದೆ ಕುರ್ಚಿಯಲ್ಲಿ ಒರಗಿ ಕೂರಲು ಅಂಜುವವನನ್ನು ತಂದು, ಸರ್ ತೀರ್ಪನ್ನು ಅಲ್ಲಗಳೆಯುವ ಕೆಲಸಕ್ಕೆ ಹಚ್ಚಿ, ಅದಕ್ಕೆ ‘ಸ್ವತಂತ್ರ ಓದು’ ಎಂದು ಹೆಸರಿಟ್ಟವರ ಜಾಣತನಕ್ಕೆ ಏನೆನ್ನಲಿ?

ಆದರೆ ಗುರುಶಾಂತ ಅಷ್ಟಕ್ಕೇ ಬಿಡಲಿಲ್ಲ. ಪ್ರೊಫೆಸರರ ಕಾಲಂ ಮರೆಮಾಡಿ, ಎಲ್ಲವನ್ನೂ ಮೊದಲಿನಿಂದ ಮತ್ತೆ ಓದಿದ. ಈ ಸಲ ಸಾಕಷ್ಟು ಕಡೆ ಅವನ ತೀರ್ಪು ಬೇರೆ ಬಂತು. ರೋಗಿಗಳು ಅರ್ಧಕ್ಕೇ ಬಿಟ್ಟುಹೋದರು ಎಂಬ ಕಾರಣ ಕೊಟ್ಟು ಒಂದು ಅಧ್ಯಯನವನ್ನು ಕೈಬಿಟ್ಟಿದ್ದರು. ಅದು ಆ್ಯಪಿನಿಂದ ಪ್ರಯೋಜನವಿಲ್ಲ ಎಂದಿತ್ತು. ಅದಕ್ಕಿಂತ ಹೆಚ್ಚು ಜನ ಬಿಟ್ಟುಹೋದ ಇನ್ನೊಂದು ಅಧ್ಯಯನ ಒಳಗೇ ಉಳಿದಿತ್ತು, ಅದು ಆ್ಯಪನ್ನು ಹೊಗಳಿತ್ತು. ಇಂಗ್ಲಿಷಿನಲ್ಲಿ ಇಲ್ಲದ ಅಧ್ಯಯನಗಳನ್ನು ಹುಡುಕಿರಲೇ ಇಲ್ಲ. ಫಲಿತಾಂಶ ಸಪ್ಪೆಯಾಗಿ ಬಂತೆಂದು ಯಾರೂ ಅಚ್ಚು ಹಾಕದೆ ಕಪಾಟಿನಲ್ಲಿ ಇಟ್ಟ ಪ್ರಬಂಧಗಳನ್ನು ಯಾರೂ ಕೇಳಿರಲಿಲ್ಲ. ಚಿಕಿತ್ಸೆಯಾಗುವುದು ಕನ್ನಡದಲ್ಲಿ, ತೆಲುಗಿನಲ್ಲಿ, ದಖ್ಖನಿ ಉರ್ದುವಿನಲ್ಲಿ, ಸಾಕ್ಷಿ ಮಾತ್ರ ಇಂಗ್ಲಿಷಿನಲ್ಲೇ ಬರಬೇಕು. ಇದು ಯಾವ ಕೋರ್ಟಿನ ನ್ಯಾಯ?

ಇದನ್ನೆಲ್ಲ ಅವನು ಪ್ರೊಫೆಸರರ ಮುಂದಿಟ್ಟ. ಇಷ್ಟು ಮುಂದೆ ಬಂದ ಮೇಲೆ ಒಮ್ಮತ ಕೆಡಿಸಬೇಡ ಎಂದರಂತೆ. ಹಾಗಾದರೆ ವರದಿಗೆ ಸಹಿ ಹಾಕಲಾರೆ ಎಂದ. ಅವನು ತಮಗೂ ಪತ್ರ ಬರೆದ, ಅದಕ್ಕೂ ಸ್ವೀಕೃತಿ ಸಂಖ್ಯೆ ಬಂತು. ಕೊನೆಗೆ ತಾವು ಏನು ಮಾಡಿದಿರಿ? ವರದಿಯಿಂದ ಅವನ ಹೆಸರು ತೆಗೆದುಹಾಕಿದಿರಿ. ಒಂದೇ ಹೆಸರು ಉಳಿಯಿತು. ಅದರ ಕೆಳಗೆ ‘ಇಬ್ಬರು ಓದುಗರು ಸ್ವತಂತ್ರವಾಗಿ ಪರಿಶೀಲಿಸಿ ಪರಿಪೂರ್ಣ ಒಮ್ಮತಕ್ಕೆ ಬಂದರು’ ಎಂಬ ಸಾಲು ಹಾಗೇ ಉಳಿದಿದೆ. ಹೌದು, ಪ್ರೊಫೆಸರ್ ಸಾಹೇಬರು ತಮ್ಮೊಂದಿಗೆ ತಾವೇ ಪರಿಪೂರ್ಣವಾಗಿ ಒಪ್ಪಿದ್ದಾರೆ. ಈ ಪತ್ರದಲ್ಲಿ ಗುರುಶಾಂತನ ಹೆಸರು ಬರೆಯಬೇಕೋ ಬೇಡವೋ ಎಂದು ಅನುಮಾನಿಸುತ್ತಿದ್ದಾಗ, “ಹಾಕ್ರಿ ಅಮ್ಮಾರ, ಅಲ್ಲಿಂದ ತಗದಾರ, ಇಲ್ಲ್ಯಾರ ಇರ್ಲಿ” ಎಂದ. ಅವನ ಥೀಸಿಸ್ ಈಗ ಏನಾಗುತ್ತದೋ ಎಂಬ ಭಯ ನನಗಿದೆ. ಅದಕ್ಕೆ ತೊಂದರೆಯಾದರೆ ಇಂಥದೇ ಇನ್ನೊಂದು ಪತ್ರ ಬರೆಯಲು ನನಗೆ ಬೇಜಾರಿಲ್ಲ.

ಈಗ ತಾವು ಕೇಳಬಹುದು: ಶಿವದೇವಿಯವರೇ, ತಮಗೆ ಪಕ್ಷಪಾತ ಇಲ್ಲವೇ? ಇದೆ. ಆ ಕೋಣೆ ಉಳಿಯಬೇಕು ಎಂದು ಹಗಲಿರುಳು ಬಯಸುವವಳು ನಾನು. ಅದಕ್ಕೇ ನನ್ನ ಮಾತನ್ನು ಸಾಕ್ಷ್ಯ ಎಂದು ತೆಗೆದುಕೊಳ್ಳಬೇಡಿ. ದೀಪ್ತಿಯವರ ಮಾತನ್ನೂ ಬೇಡ, ಅದು ಅವರ ನೌಕರಿ. ಒಬ್ಬ ಅಮರೇಶಪ್ಪನವರು ಮಾತಾಡಿದರೆಂದು ಊರಿಗೆಲ್ಲ ಅದೇ ಔಷಧ ಎಂದು ನಾನು ಹೇಳುತ್ತಿಲ್ಲ. ನನ್ನ ಪಕ್ಷಪಾತವನ್ನು ನಾನು ಹಣೆಯ ಮೇಲೆ ಬರೆದುಕೊಂಡು ಬಂದಿದ್ದೇನೆ. ತಾವು ತಮ್ಮ ಸಮಿತಿಯದನ್ನು ಅಳಿಸಿ, ಮೇಲೆ ‘ನಿಷ್ಪಕ್ಷಪಾತ’ ಎಂದು ಠಸ್ಸೆ ಹೊಡೆದಿದ್ದೀರಿ. ನಮ್ಮಿಬ್ಬರ ನಡುವಿನ ಜಗಳ ಇಷ್ಟೇ.

ಆದ್ದರಿಂದ ಕೇಳುವುದನ್ನು ನೇರವಾಗಿ ಕೇಳುತ್ತೇನೆ. ಆದೇಶವನ್ನು ತಡೆಹಿಡಿಯಿರಿ. ವಿಮರ್ಶೆಯನ್ನು ಹೊಸದಾಗಿ ಮಾಡಿಸಿ. ಅಳತೆಗೋಲು ಯಾವುದು ಎಂದು ಮೊದಲೇ ಬರೆದು ಎಲ್ಲರಿಗೂ ಕಾಣುವಂತೆ ಪ್ರಕಟಿಸಿ, ಆಮೇಲೆ ಅಧ್ಯಯನಗಳನ್ನು ತೆರೆಯಿರಿ. ಒಬ್ಬರ ತೀರ್ಪು ಇನ್ನೊಬ್ಬರಿಗೆ ಕಾಣದಂತೆ, ಒಬ್ಬರ ಅನ್ನ ಇನ್ನೊಬ್ಬರ ಕೈಯಲ್ಲಿರದಂತೆ ಇಬ್ಬರು ಓದಲಿ. ಅವರು ಒಪ್ಪದಿದ್ದಲ್ಲಿ ಮೂರನೆಯವರು ಬಂದು ಬಗೆಹರಿಸಲಿ. ತನ್ನ ಅಧ್ಯಯನಕ್ಕೆ ತಾನೇ ಯಾರೂ ಅಂಕ ಹಾಕದಿರಲಿ. ಕೈಬಿಟ್ಟ ಪ್ರತಿಯೊಂದಕ್ಕೂ ಕಾರಣ ಕೊಡಿ, ಎಲ್ಲ ಭಾಷೆಯಲ್ಲೂ ಹುಡುಕಿ. ಇಷ್ಟೆಲ್ಲ ಆದ ಮೇಲೂ ಆ್ಯಪೇ ಮೇಲು ಎಂದು ಬಂದರೆ, ನಾನೇ ಬಂದು ಆ ಕೋಣೆಗೆ ಬೀಗ ಹಾಕಿ ಕೀಲಿಕೈಯನ್ನು ತಮ್ಮ ಮೇಜಿನ ಮೇಲಿಡುತ್ತೇನೆ. ಸಂಕಟವಾಗುತ್ತದೆ, ಆದರೂ ಇಡುತ್ತೇನೆ.

ಮುಗಿಸುವ ಮುನ್ನ ಒಂದು ವಿಷಯ. ಹೋದ ವಾರ ತಮ್ಮ ಕಚೇರಿಯ ಸಿಬ್ಬಂದಿ ಒಬ್ಬರು ನಮ್ಮ ಮನೆಗೆ ಬಂದಿದ್ದರು. ಕೋಣೆಗೆ ಬರುವ ಎಲ್ಲ ರೋಗಿಗಳ ಅಭಿಪ್ರಾಯ ಸಂಗ್ರಹಿಸುತ್ತಿದ್ದಾರಂತೆ, ಅದೂ ಸಾಕ್ಷ್ಯವಾಗುತ್ತದಂತೆ. ಒಳ್ಳೆಯ ಮನುಷ್ಯ, ಚಪ್ಪಲಿ ಹೊರಗೆ ಬಿಟ್ಟು ಬಂದು ಕೂತರು. ಕೋಣೆಯ ಬದಲು ಆ್ಯಪ್ ಕೊಟ್ಟರೆ ಒಪ್ಪಿಗೆಯೇ ಎಂದು ನಮ್ಮವರನ್ನೇ ಕೇಳಿದರು. ನಮ್ಮವರು ತುಟಿ ಕೂಡಿಸಿಕೊಂಡರು. ಆಮೇಲೆ ಸ್ಪಷ್ಟವಾಗಿ ‘ಒಲ್ಲೆ’ ಎಂದರು. ಬೇಡ ಅನ್ನುತ್ತಿದ್ದಾರೆ, ‘ವದ್ದು ಅಂಟುನ್ನಾರು’ ಎಂದು ನಾನು ತೆಲುಗಿನಲ್ಲೂ ಹೇಳಿದೆ. ಅವರು ತಲೆಯಾಡಿಸಿದರು, ಟ್ಯಾಬ್ ನೋಡಿದರು, ಮುಖ ಸಣ್ಣದು ಮಾಡಿಕೊಂಡರು. ಅದರಲ್ಲಿ ಇದ್ದದ್ದು ಎರಡೇ ಆಯ್ಕೆ: ‘ಒಪ್ಪಿಗೆ ಇದೆ’, ‘ಉತ್ತರ ನೀಡಿಲ್ಲ’. ಏನು ಮಾಡಲಿ ಅಮ್ಮಾ, ಮೂರನೆಯದು ಕೊಟ್ಟಿಲ್ಲ ಎಂದು ಹೇಳಿ, ಎರಡನೆಯದನ್ನು ಒತ್ತಿ ಹೋದರು.

ಎಷ್ಟೋ ವಾರ ಆ ಮೇಜಿನ ಮುಂದೆ ಕೂತು, ನಾಲಿಗೆ ಹೊರಳದೆ ಬೆವರಿ, ನಾಲ್ಕು ಜನರೆದುರು ನಗೆಪಾಟಲಾಗಿ ನನ್ನ ಗಂಡ ಮರಳಿ ಗಳಿಸಿದ ಮಾತು ಅದು. ತಮ್ಮ ಸಮಿತಿಯಲ್ಲಿ ಅಷ್ಟು ಓದಿದವರಿದ್ದೂ ಗುರುಶಾಂತನನ್ನು ಬಿಟ್ಟರೆ ಯಾರ ಬಾಯಿಂದಲೂ ಹೊರಡದ ಮಾತು ಅದು. ಅದನ್ನು ಬರೆದುಕೊಳ್ಳಲು ತಮ್ಮ ಟ್ಯಾಬಿನಲ್ಲಿ ಮೊದಲು ಒಂದು ಜಾಗ ಮಾಡಿ.

ಇಂತಿ,
ತಮ್ಮ ದಾಖಲೆಯ ಪ್ರಕಾರ ‘ಉತ್ತರ ನೀಡದ’ ರೋಗಿಯ ಹೆಂಡತಿ,
ಬಿಸ್ಕತ್ತಿನ ಋಣ ಇನ್ನೂ ತೀರಿಸಲಾಗದ ಸಮಿತಿ ಸದಸ್ಯೆ,
ಶಿವದೇವಿ
ಉಪ್ಪಲ್, ಹೈದರಾಬಾದ್